ಸುರಪುರದ ಬಿಸಿಲಿಗೆ ಸ್ವೀಡನ್ನಿನ ಲೆಕ್ಕ

ಏಪ್ರಿಲ್ ಎರಡನೇ ವಾರ ದಾಟಿತೆಂದರೆ ಯಾದಗಿರಿ, ಶಹಾಪುರ, ಸುರಪುರದ ಚಹಾದಂಗಡಿಗಳಲ್ಲಿ ಮಾತು ಶುರುವಾಗುವುದೇ ಒಂದು ಅಂಕಿಯಿಂದ. “ಇವತ್ತ ಎಷ್ಟದಪಾ?” “ನಲವತ್ಮೂರಂತ.” ಯಾವುದರ ನಲವತ್ಮೂರು ಎಂದು ಯಾರೂ ಕೇಳುವುದಿಲ್ಲ. ‘ಡಿಗ್ರಿ’ ಎಂಬುದು ಅರ್ಧ ಸಲ ಬಿದ್ದೇ ಹೋಗಿರುತ್ತದೆ. ‘ಸೆಲ್ಸಿಯಸ್’ ಅಂತೂ ಆಕಾಶವಾಣಿಯ ಪ್ರದೇಶ ಸಮಾಚಾರಕ್ಕೂ ಪತ್ರಿಕೆಯ ಮೂಲೆಗೂ ಮೀಸಲು; ಪತ್ರಿಕೆಯವರೂ ಜಾಗ ಉಳಿಸಲು ಅದನ್ನು ‘ಡಿ.ಸೆ.’ ಎಂದು ಮೊಟಕು ಮಾಡಿಟ್ಟಿದ್ದಾರೆ. ಹೆಸರು ಬಿಟ್ಟು ಅಂಕಿಯನ್ನಷ್ಟೇ ಒಳಗೆ ಕರೆದುಕೊಂಡ ಊರುಗಳಿವು. ಬಿಟ್ಟ ಹೆಸರಿನ ಕಥೆಯೂ ಚೆನ್ನಾಗಿದೆ, ಉಳಿದ ಮಾತಿನ ಕಥೆಯೂ ಚೆನ್ನಾಗಿದೆ.

ಮೊದಲು ‘ಡಿಗ್ರಿ’. ಲ್ಯಾಟಿನ್ನಿನಲ್ಲಿ ‘ಗ್ರಾದುಸ್’ ಎಂದರೆ ಹೆಜ್ಜೆ, ಮೆಟ್ಟಿಲು. ಈ ಕಡೆಯವರ ಬಾಯಲ್ಲಿ ಪಾವಟಿಗಿ. ಅದು ಫ್ರೆಂಚರ ಬಾಯಲ್ಲಿ ‘ದೆಗ್ರೆ’ ಆಗಿ, ಇಂಗ್ಲಿಷಿಗೆ ದಾಟಿ, ಅಲ್ಲಿಂದ ನಮ್ಮಲ್ಲಿಗೆ ಬಂತು. ಬರುವಾಗ ಒಂಟಿಯಾಗಿ ಬರಲಿಲ್ಲ. ಮಾರುಕಟ್ಟೆಯಲ್ಲಿ ಹತ್ತಿಗೆ ಕೊಡುವ ಗ್ರೇಡು, ಮದುವೆ ಪತ್ರಿಕೆಯಲ್ಲಿ ವರನ ಮುಂದಿನ ಗ್ರ್ಯಾಜುಯೇಟು, ಎಲ್ಲ ಅದೇ ಪಾವಟಿಗಿಯ ಮಕ್ಕಳು. ಶಹಾಪುರದಲ್ಲಿ ಬಸ್ಸಿಳಿದು “ಡಿಗ್ರಿ ಎಲ್ಲಿ?” ಎಂದರೆ ಕಾಲೇಜಿನ ಕಡೆ ಕೈ ತೋರಿಸುತ್ತಾರೆಯೇ ಹೊರತು ಆಕಾಶದ ಕಡೆಗಲ್ಲ. ಹುಡುಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ ಎಂಬ ವಾಕ್ಯದಲ್ಲಿರುವ ಕಾವು ಯಾವ ಮಾಪಕದ್ದು ಎಂಬುದು ಬೇರೆಯೇ ವಿಷಯ.

ಮೆಟ್ಟಿಲು ಎಂಬ ಮಾತು ಬಿಸಿಗೆ ಅಂಟುವ ಮುಂಚೆ ಕೋನಕ್ಕೆ ಅಂಟಿತ್ತು. ವೃತ್ತವನ್ನು 360 ಪಾಲು ಮಾಡುವ ಬ್ಯಾಬಿಲೋನಿಯದ ಲೆಕ್ಕ ಗ್ರೀಕರ ಮೂಲಕ ಯುರೋಪಿಗೂ ಹೋಯಿತು, ನಮ್ಮ ಜ್ಯೋತಿಷಿಗಳ ಪಾಟಿಗೂ ಬಂತು. ನಮ್ಮವರು ಆ ಪಾಲನ್ನು ‘ಅಂಶ’ ಎಂದರು, ‘ಭಾಗ’ ಎಂದರು. ಅದರಿಂದಲೇ ಅಕ್ಷಾಂಶ, ರೇಖಾಂಶ. ಕನ್ನಡದ ಪಠ್ಯಪುಸ್ತಕಗಳು ‘ಉಷ್ಣಾಂಶ’ ಎಂದು ಬರೆದಾಗ ಅದೇ ಅಂಶ ಬಿಸಿಲಿಗೂ ಬಂತು. ‘ತಾಪಮಾನ’ಕ್ಕಿಂತ ‘ಉಷ್ಣಾಂಶ’ ನನಗೆ ಹೆಚ್ಚು ಹಿಡಿಸುವುದು ಇದಕ್ಕೇ: ಡಿಗ್ರಿ ಎಂಬ ಮಾತನ್ನು ಹೊರಗೆ ಬೇರೆಯಾಗಿ ಅಂಟಿಸಬೇಕಿಲ್ಲ, ಪದದ ಹೊಟ್ಟೆಯಲ್ಲೇ ಅದಿದೆ. ಆದರೂ ನಾವು “ಉಷ್ಣಾಂಶ 43 ಡಿಗ್ರಿ” ಎಂದೇ ಬರೆಯುತ್ತೇವೆ, ‘ಗೇಟ್ ಬಾಗಿಲು’ ಎಂದ ಹಾಗೆ.

ಈ ಎರಡು ಅಂಶಗಳನ್ನೂ, ಅಂದರೆ ಭೂಮಿಯದನ್ನೂ ಬಿಸಿಯದನ್ನೂ, ಒಬ್ಬನೇ ಮನುಷ್ಯ ಅಳೆದ. ಆಂಡರ್ಸ್ ಸೆಲ್ಸಿಯಸ್ ಸ್ವೀಡನ್ನಿನ ಉಪ್ಸಾಲಾದಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕ. ಹುಟ್ಟಿದ್ದು 1701ರಲ್ಲಿ. 1736ರಲ್ಲಿ ಫ್ರೆಂಚ್ ಗಣಿತಜ್ಞ ಮೊಪರ್ಟ್ವಿಯ ತಂಡದ ಜೊತೆ ಹಿಮದ ಲ್ಯಾಪ್‌ಲ್ಯಾಂಡಿಗೆ ಹೋಗಿ, ಧ್ರುವದ ಸಮೀಪ ಒಂದು ಅಕ್ಷಾಂಶದ ಉದ್ದ ಎಷ್ಟೆಂದು ಅಳೆಯುವುದರಲ್ಲಿ ಕೈಜೋಡಿಸಿದ. ಭೂಮಿ ಧ್ರುವಗಳ ಬಳಿ ಚಪ್ಪಟೆ ಎಂದ ನ್ಯೂಟನ್ನನ ಮಾತು ಗೆದ್ದದ್ದು ಆ ಅಳತೆಯಿಂದ.

ಅದೇ ಪ್ರಶ್ನೆಯ ಬೆನ್ನು ಹತ್ತಿದ ಇನ್ನೊಂದು ದಂಡು ಎಂಟು ದಶಕಗಳ ಬಳಿಕ ನಮ್ಮ ನೆರೆಗೇ ಬಂತು. ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ದಕ್ಷಿಣ ತುದಿಯಿಂದ ಉತ್ತರಕ್ಕೆ ಭೂಮಿಯ ಬೆನ್ನೆಲುಬು ಅಳೆಯುತ್ತ ಬಂದು 1815ರಲ್ಲಿ ಬೀದರ್ ಸಮೀಪ ಆಧಾರರೇಖೆ ಹಾಕಿದ. ಅಳೆಯುತ್ತಿದ್ದುದು ಉಕ್ಕಿನ ಸರಪಳಿಯಿಂದ. ದಖ್ಖನಿನ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಬೆಳಗಿನ ಸರಪಳಿಗೂ ಮಧ್ಯಾಹ್ನದ ಸರಪಳಿಗೂ ಕೂದಲೆಳೆಯ ವ್ಯತ್ಯಾಸ, ಮೈಲುಗಟ್ಟಲೆ ಹೋದರೆ ಅದೇ ದೊಡ್ಡದು. ಹಾಗಾಗಿ ಸರಪಳಿಯನ್ನು ಮರದ ದೋಣಿಯಂಥ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರುಗಳನ್ನಿಟ್ಟು, ಇಷ್ಟು ಡಿಗ್ರಿಗೆ ಇಷ್ಟು ಹಿಗ್ಗು ಎಂದು ಉದ್ದವನ್ನು ತಿದ್ದಿಕೊಳ್ಳುತ್ತಿದ್ದರು. ನೆಲದ ಡಿಗ್ರಿ ಸಿಗಬೇಕಾದರೆ ಬಿಸಿಲಿನ ಡಿಗ್ರಿ ಗೊತ್ತಿರಬೇಕಿತ್ತು. ಆ ಥರ್ಮಾಮೀಟರುಗಳಲ್ಲಿ ಇದ್ದದ್ದು ಮಾತ್ರ ಸೆಲ್ಸಿಯಸ್ ಅಲ್ಲ, ಫ್ಯಾರನ್‌ಹೀಟ್. ಸುರಪುರ ಸಂಸ್ಥಾನಕ್ಕೆ 1841ರಲ್ಲಿ ಬಂದು, ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇರಲಿ, ಅವನ ಹಿಂದೆ ಮುಂದೆ ಬಂದ ಬೇರೆ ಇಂಗ್ಲಿಷರಿರಲಿ, ಬಿಸಿಲನ್ನು ಲೆಕ್ಕ ಹಾಕುತ್ತಿದ್ದುದು ಆ ಮಾಪಕದಲ್ಲೇ. ಆ ಲೆಕ್ಕಕ್ಕೆ ನಮ್ಮ ಇಂದಿನ 43 ಎಂದರೆ ನೂರೊಂಬತ್ತರ ಮೇಲೆ.

ಸೆಲ್ಸಿಯಸ್ ತನ್ನ ಮಾಪಕವನ್ನು ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟದ್ದು 1742ರಲ್ಲಿ. ಅವನ ಮಾತು ಸರಳ. ಬಿಸಿಯನ್ನು ಬಿಸಿಯಿಂದಲೇ ಅಳೆಯಲಾಗದು. ಬಿಸಿ ನೀರಿಗೆ ಏನು ಮಾಡುತ್ತದೆ ಎಂಬುದರಿಂದ ಅಳೆಯಬೇಕು. ಹೆಪ್ಪುಗಟ್ಟುವ ಹಂತ ಒಂದು ಗೂಟ, ಕುದಿಯುವ ಹಂತ ಇನ್ನೊಂದು ಗೂಟ, ನಡುವೆ ನೂರು ಪಾವಟಿಗಿ. ಮಂಜು ಕರಗುವ ಬಿಂದು ಯಾವ ಸೀಮೆಗೆ ಹೋದರೂ ಬದಲಾಗದು, ಕುದಿಯುವ ಬಿಂದು ಮಾತ್ರ ಗಾಳಿಯ ಒತ್ತಡದೊಂದಿಗೆ ಸರಿಯುತ್ತದೆ ಎಂದೂ ಪ್ರಯೋಗ ಮಾಡಿ ತೋರಿಸಿದ. ಆ ಲೆಕ್ಕದಲ್ಲಿ, ಸಮುದ್ರಮಟ್ಟದಿಂದ ನಾನೂರು ಮೀಟರಿಗೆ ಹತ್ತಿರ ಇರುವ ಯಾದಗಿರಿಯಲ್ಲಿ ಚಹಾದ ನೀರು ನೂರಕ್ಕೆ ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಕುಡಿಯುವವರಿಗೆ ಗೊತ್ತಾಗುವುದಿಲ್ಲ.

ತಮಾಷೆ ಇರುವುದು ಮುಂದೆ. ಅವನ ಮಾಪಕದಲ್ಲಿ ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು! ಬಿಸಿ ಏರಿದಂತೆ ಅಂಕಿ ಇಳಿಯುತ್ತಿತ್ತು. ಸ್ವೀಡನ್ನಿನ ಚಳಿಗಾಲದಲ್ಲಿ ಸೊನ್ನೆಯ ಕೆಳಗಿನ ಲೆಕ್ಕ ಬೇಡವೆಂದು ಹಾಗೆ ಮಾಡಿರಬೇಕೆಂದು ಊಹಿಸುತ್ತಾರೆ. ಅದೇ ಉಳಿದಿದ್ದರೆ ನಮ್ಮ ಮೇ ತಿಂಗಳ ಮಧ್ಯಾಹ್ನ 57, ಡಿಸೆಂಬರಿನ ನಸುಕು 85. “ಭಾಳ ಬಿಸಿಲದ, ಐವತ್ತೇಳಕ್ಕ ಇಳದದ” ಎನ್ನಬೇಕಿತ್ತು. ‘ಏರು ಬಿಸಿಲು’ ಎಂಬ ಮಾತೇ ಬಾಯಿಗೆ ಸಿಕ್ಕಿಕೊಳ್ಳುತ್ತಿತ್ತು. ಸೆಲ್ಸಿಯಸ್ 1744ರ ಏಪ್ರಿಲಿನಲ್ಲಿ ಕ್ಷಯದಿಂದ ತೀರಿಕೊಂಡ. ಬದುಕಿದ್ದು ನಲವತ್ತೆರಡು ವರ್ಷ, ಸುರಪುರದ ಒಂದು ಮಧ್ಯಾಹ್ನದಷ್ಟು. ಅವನು ಹೋದ ಮೇಲೆ ಮಾಪಕವನ್ನು ತಲೆಕೆಳಗು ಮಾಡಿ ಈಗಿನ ರೂಪಕ್ಕೆ ತಂದರು. ತಂದವರು ಯಾರು ಎನ್ನುವಲ್ಲಿ ಸಸ್ಯಗಳಿಗೆ ಹೆಸರಿಟ್ಟ ಲಿನೇಯಸ್, ಉಪಕರಣ ಮಾಡುತ್ತಿದ್ದ ಏಕ್‌ಸ್ಟ್ರೋಮ್, ಸೆಲ್ಸಿಯಸ್ಸನ ಜಾಗಕ್ಕೆ ಬಂದ ಸ್ಟ್ರೋಮರ್ ಮೂವರ ಹೆಸರೂ ಓಡಾಡುತ್ತವೆ. ಇತ್ತ ಫ್ರಾನ್ಸಿನ ಲಿಯೋನಿನಲ್ಲಿ ಕ್ರಿಸ್ತಾಂ ಎಂಬಾತ 1743ರಲ್ಲೇ, ಸ್ವತಂತ್ರವಾಗಿ, ನೇರವಾದ ನೂರರ ಮಾಪಕ ಮಾಡಿಕೊಂಡಿದ್ದ.

ಹೀಗಾಗಿ ಬಹುಕಾಲ ಅದಕ್ಕೆ ಯಾವ ಮನುಷ್ಯನ ಹೆಸರೂ ಗಟ್ಟಿಯಾಗಿ ನಿಲ್ಲಲಿಲ್ಲ. ‘ಸೆಂಟಿಗ್ರೇಡ್’ ಎಂದರು: ಸೆಂಟಮ್ ಎಂದರೆ ನೂರು, ಗ್ರಾದುಸ್ ಎಂದರೆ ಮೆಟ್ಟಿಲು, ನೂರು ಪಾವಟಿಗಿಯದು. ತೊಡಕಾದದ್ದು ಫ್ರೆಂಚರಿಗೆ. ಅವರಲ್ಲಿ ಲಂಬಕೋನವನ್ನು ನೂರು ‘ಗ್ರಾದ್’ ಮಾಡುವ ಪದ್ಧತಿಯೊಂದಿತ್ತು, ಅದರ ನೂರನೇ ಒಂದು ಪಾಲಿಗೂ ಸೆಂಟಿಗ್ರೇಡ್ ಎಂದೇ ಹೆಸರು. ಕೋನದ ಅಂಶ, ಬಿಸಿಯ ಅಂಶ ಮತ್ತೆ ಒಂದಕ್ಕೊಂದು ಡಿಕ್ಕಿ ಹೊಡೆದವು. 1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ, ಇನ್ನು ಮುಂದೆ ಇದು ‘ಡಿಗ್ರಿ ಸೆಲ್ಸಿಯಸ್’ ಎಂದು ಠರಾವು ಮಾಡಿತು. ಅದೇ 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, ಯಾದಗಿರಿ ಸೀಮೆಯ ಸರ್ಕಾರವೇ ಬದಲಾಯಿತು. ಥರ್ಮಾಮೀಟರಿನ ಹೆಸರು ಬದಲಾದ ಸುದ್ದಿ ಯಾರಿಗೆ ಬೇಕಿತ್ತು? ನಮ್ಮ ಶಾಲೆಗಳಲ್ಲಿ ಸೆಂಟಿಗ್ರೇಡ್ ಇನ್ನೂ ಹಲವು ದಶಕ ಆರಾಮವಾಗಿ ಬದುಕಿತು. ಅರವತ್ತು ದಾಟಿದವರ ಬಾಯಲ್ಲಿ ಇಂದಿಗೂ ಅದೇ ಇದೆ. ತಪ್ಪೇನಲ್ಲ. ನೂರು ಎಂಬ ಅರ್ಥವಾದರೂ ಅದರಲ್ಲಿತ್ತು. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯೇ ಪೈಸೆ ಬಂತು. ಹೈದರಾಬಾದ್ ಸಂಸ್ಥಾನದ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ಎಣಿಸಿ ರೂಢಿಯಾಗಿದ್ದ ಈ ಸೀಮೆಯವರಿಗೆ ಆ ಕಾಲದಲ್ಲಿ ನೂರರ ಲೆಕ್ಕ ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು.

ಸೆಲ್ಸಿಯಸ್ ಎಂಬ ಹೆಸರಿಗೂ ಒಂದು ಊರಿದೆ. ಆ ಮನೆತನದ ಪಾದ್ರಿಮನೆಯ ಹೆಸರು ಹೋಗೆನ್, ಅಂದರೆ ದಿಬ್ಬ. ಓದಿದವರು ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿಕೊಳ್ಳುವ ಕಾಲವದು. ಎತ್ತರದ್ದು ಎಂಬ ಅರ್ಥದ ‘ಸೆಲ್ಸುಸ್’ನಿಂದ ಸೆಲ್ಸಿಯಸ್ ಮಾಡಿಕೊಂಡರು. ನಮ್ಮಲ್ಲಾಗಿದ್ದರೆ ದಿಬ್ಬದಮನಿ ಎನ್ನುತ್ತಿದ್ದೆವು. “43 ಡಿಗ್ರಿ ದಿಬ್ಬದಮನಿ.” ಕೇಳಲು ಇದೇ ಸರಿಯಿದೆ!

ದಿಬ್ಬ ಎಂದ ಮೇಲೆ ಸುರಪುರ ಸೀಮೆಯ ಬೂದಿಹಾಳಕ್ಕೆ ಹೋಗಲೇಬೇಕು. ಹೆಸರಲ್ಲೇ ಬೂದಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇಲ್ಲಿ ಅಗೆದು ತೋರಿಸಿದ್ದು ನವಶಿಲಾಯುಗದ ದನಗಾಹಿಗಳ ನೆಲೆಯನ್ನು, ಅವರ ದೊಡ್ಡಿಯ ಸಗಣಿ ಗುಡ್ಡೆಯಾಗಿ ಉರಿದು ಆದ ಬೂದಿದಿಬ್ಬವನ್ನು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ದಖ್ಖನಿನ ಇಂಥ ದಿಬ್ಬಗಳಲ್ಲಿ ಬೂದಿ ಕೆಲವೆಡೆ ಮೆತ್ತಗಿಲ್ಲ. ಕರಗಿ, ಗಾಜುಗಟ್ಟಿ, ಸಣ್ಣ ಸಣ್ಣ ತೂತು ಬಿದ್ದ ಕಲ್ಲಾಗಿದೆ. ಕೈಯಲ್ಲಿ ಹಿಡಿದರೆ ಹಗುರ, ಅಂಚು ಹರಿತ. ಎಷ್ಟು ಡಿಗ್ರಿಯಲ್ಲಿ ಸಗಣಿ ಹೀಗಾಗುತ್ತದೆಂದು ಇಂದಿನವರು ಲೆಕ್ಕ ಹಾಕುತ್ತಾರೆ. ಉರಿಸಿದವರಿಗೆ ಅಂಕಿ ಇರಲಿಲ್ಲ, ಬೆಂಕಿ ವಸ್ತುವಿಗೆ ಏನು ಮಾಡಿತೆಂಬುದು ಕಣ್ಣೆದುರಿಗಿತ್ತು. ಸೆಲ್ಸಿಯಸ್ ನೀರನ್ನು ಸಾಕ್ಷಿಗೆ ಕರೆದ, ಇಲ್ಲಿ ಸಾಕ್ಷಿ ಬೂದಿ.

ಅಂಕಿಯಿಲ್ಲದ ಮಾಪಕಗಳು ನಮ್ಮಲ್ಲಿ ಧಾರಾಳವಾಗಿದ್ದವು. ರಸಶಾಸ್ತ್ರದವರು ಭಸ್ಮ ಮಾಡಲು ಕಾವನ್ನು ‘ಪುಟ’ದಲ್ಲಿ ಎಣಿಸುತ್ತಿದ್ದರು: ಗಜಪುಟ, ವರಾಹಪುಟ, ಕುಕ್ಕುಟಪುಟ, ಕಪೋತಪುಟ. ಆನೆಯಿಂದ ಪಾರಿವಾಳದವರೆಗೆ ಇಳಿಯುವ ಪಾವಟಿಗಿ. ಗಜಪುಟಕ್ಕೆ ಗುಂಡಿಯಲ್ಲಿ ಕೆಳಗೆ ಸಾವಿರ ಕುಳ್ಳು, ಮೇಲೆ ಐನೂರು. ಕಪೋತಪುಟಕ್ಕೆ ಎಂಟು ಕುಳ್ಳು ಸಾಕು. ಡಿಗ್ರಿಯ ಬದಲು ಕುಳ್ಳಿನ ಎಣಿಕೆ, ಅಷ್ಟೇ. ‘ಪುಟಕ್ಕಿಟ್ಟ ಚಿನ್ನ’ ಎಂದು ಒಳ್ಳೆಯವರನ್ನು ಹೊಗಳುವಾಗ ನಾವು ಆ ಮಾಪಕವನ್ನೇ ಬಳಸುತ್ತೇವೆ. ಅಡುಗೆಮನೆಯಲ್ಲಿ ಒಂದೆಳೆ ಪಾಕ, ಉಂಡೆ ಪಾಕ. ಎಣ್ಣೆಸ್ನಾನಕ್ಕೆ ‘ಉಗುರು ಬೆಚ್ಚಗೆ’, ಈ ಅಳತೆಯಲ್ಲಿ ಉಪಕರಣದ ಹೆಸರೇ ಮುಂದಿದೆ.

ಬೆಚ್ಚಗೆ, ಬಿಸಿ, ಬಿಸಿಲು, ಬೆಂಕಿ, ಬೇಯು, ಇವೆಲ್ಲ ಒಂದೇ ದ್ರಾವಿಡ ಬೇರಿನ ಚಿಗುರುಗಳು. ತಮಿಳಿನಲ್ಲಿ ಬಿಸಿಲು ‘ವೆಯಿಲ್’, ಗುರುಮಠಕಲ್ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಬಿಸಿ ‘ವೇಡಿ’. ಅಲ್ಲಿನ ವಕಾರ ಇಲ್ಲಿ ಬಕಾರ. ಮೇಲೆ ಸಂಸ್ಕೃತದ ಪದರ, ಅದರ ಮೇಲೆ ಉರ್ದುವಿನದು. ಸುರಪುರದ ಓಣಿಯಲ್ಲಿ ದಖ್ಖನಿ ಮಾತಾಡುವವರು ‘ಗರ್ಮಿ’ ಎನ್ನುತ್ತಾರೆ, ಅವರಿಂದ ಕನ್ನಡದವರೂ “ಮೈಯಾಗ ಗರ್ಮಿ ಆಗ್ಯಾದ” ಎಂದು ಕಲಿತಿದ್ದಾರೆ. ಪಾರಸಿಯ ಈ ‘ಗರ್ಮ್’, ಸಂಸ್ಕೃತದ ‘ಘರ್ಮ’, ಗ್ರೀಕಿನ ‘ಥರ್ಮೋಸ್’ ಮೂರೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತದ ಘರ್ಮ ಕನ್ನಡಕ್ಕೆ ಬಂದು ಘರ್ಮಜಲವಾಗಿ ಬೆವರಿಳಿಸಿತು, ಗ್ರೀಕಿನದು ಯುರೋಪು ಸುತ್ತಿ ಥರ್ಮಾಮೀಟರಿನಲ್ಲಿ ಕೂತು ಬಂತು. ಉರ್ದುವಿನಲ್ಲಿ ಜ್ವರಕ್ಕೆ ‘ಬುಖಾರ್’; ಅರಬ್ಬಿಯಲ್ಲಿ ಅದು ಬರೀ ಆವಿ. ‘ಹವಾಮಾನ’ದಲ್ಲಿ ಅರಬ್ಬಿಯ ಹವಾ, ಸಂಸ್ಕೃತದ ಮಾನ ಜೋಡಿ ಕಟ್ಟಿವೆ, ಹೊಂದಿಕೊಂಡು ಬಾಳುತ್ತಿವೆ. ‘ತಾಪಮಾನ’ದ ತಾಪಕ್ಕೆ ದೊಡ್ಡ ಸಂಸಾರ: ಸಂತಾಪ, ಪಶ್ಚಾತ್ತಾಪ, ತಾಪತ್ರಯ. ಮೂರು ತಾಪಗಳಲ್ಲಿ ಆಧಿದೈವಿಕ ಎಂಬುದೊಂದು, ಮಳೆ ಬಿಸಿಲು ಗಾಳಿಯಿಂದ ಬರುವ ಕಷ್ಟ. ವೇದಾಂತದ ಆ ಮಾತು ಇಲ್ಲಿ ಸವೆದು ಮನೆಯ ಖರ್ಚು ವೆಚ್ಚದ ತಾಪತ್ರಯವಾಗಿದೆ.

ಸೆಲ್ಸಿಯಸ್ ಬಂದರೂ ಫ್ಯಾರನ್‌ಹೀಟ್ ಒಂದು ಕಡೆ ಜಗ್ಗದೆ ಕೂತಿದ್ದಾನೆ: ಕಂಕುಳಲ್ಲಿ. “ಕೂಸಿಗಿ ಉರಿ ಬಂದಾವ, ನೂರಾ ಎರಡದ.” ಬಂದಾವ ಎಂದು ಬಹುವಚನ; ಉತ್ತರ ಕರ್ನಾಟಕದಲ್ಲಿ ಜ್ವರ ಒಂಟಿಯಾಗಿ ಬರುವುದಿಲ್ಲ. ಆ ನೂರಾ ಎರಡು, ಡಾನ್‌ಜಿಗ್ ಊರಿನಲ್ಲಿ ಹುಟ್ಟಿ ಗಾಜಿನ ಕೊಳವೆ ಊದುತ್ತ ಬದುಕಿದ ಡೇನಿಯಲ್ ಫ್ಯಾರನ್‌ಹೀಟ್ 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ ಮಾಪಕದ್ದು. ಅವನ ಸೊನ್ನೆ ಮಂಜು, ನೀರು, ನವಸಾಗರ ಕಲಸಿದ ಮಿಶ್ರಣದ ತಂಪು. ಮೈಯ ಬಿಸಿಗೆ 96 ಎಂದಿಟ್ಟಿದ್ದ. 98.6 ಎಂಬ ಅಂಕಿ ಬಂದದ್ದು ಇನ್ನೊಂದು ಹಾದಿಯಲ್ಲಿ. ಜರ್ಮನ್ ವೈದ್ಯ ವುಂಡರ್ಲಿಕ್ 1868ರಲ್ಲಿ ಸಾವಿರಾರು ರೋಗಿಗಳನ್ನು ನೋಡಿ ಆರೋಗ್ಯವಂತರ ಮೈ 37 ಸೆಂಟಿಗ್ರೇಡ್ ಎಂದ, ಒಂದು ದುಂಡು ಅಂಕಿ. ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ 98.6 ಎಂಬ ಚುಕ್ಕೆ ಸಹಿತದ ಖಡಕ್ಕು ಬಂತು. ಅನುವಾದದಲ್ಲಿ ಹುಟ್ಟಿದ ಆ ಖಡಕ್ಕನ್ನೇ ನಂಬಿ 99 ಎಂದರೆ ಗಾಬರಿಯಾಗುವ ಮನೆಗಳು ಎಷ್ಟೋ.

ಸುರಪುರದಲ್ಲಿ 40 ಎಂದರೆ ಬ್ಯಾಸಗಿಯ ಒಂದು ಸಾದಾ ದಿನ. ಅದೇ 40 ಕೂಸಿನ ಮೈಯಲ್ಲಿ ಬಂದರೆ 104, ಮನೆಮಂದಿಯೆಲ್ಲ ದವಾಖಾನೆಗೆ ಓಡುವ ಅಂಕಿ. ಒಂದೇ ಕಾವು, ಎರಡು ಲೆಕ್ಕ. ‘ಡಿಗ್ರಿ’ ಎಂಬ ಒಂದೇ ಮಾತು ಎರಡಕ್ಕೂ. ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಐವತ್ತರೊಳಗಿದ್ದರೆ ಬಿಸಿಲು, ತೊಂಬತ್ತರ ಮೇಲಿದ್ದರೆ ಜ್ವರ. 2020ರಲ್ಲಿ ಹಣೆಗೆ ಪಿಸ್ತೂಲಿನಂಥದ್ದು ಹಿಡಿದು ನೋಡುವ ಕಾಲ ಬಂದಾಗ ಕೆಲವು ಯಂತ್ರಗಳು 36 ಎಂದೂ ಕೆಲವು 97 ಎಂದೂ ತೋರಿಸಿದವು. ಜನ ಎರಡಕ್ಕೂ ತಲೆಯಾಡಿಸಿ ಒಳಗೆ ಹೋದರು. ಜಾಡಿಸಿ ಇಳಿಸಬೇಕಿದ್ದ ಪಾದರಸದ ಗಾಜಿನ ಕಡ್ಡಿ ಈಗ ಅಪರೂಪ. ಪಾದರಸವನ್ನು ಕಡಿಮೆ ಮಾಡಬೇಕೆಂಬ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಒಪ್ಪಿಗೆ ಹಾಕಿದೆ. ಪಾದರಸ ಹೋದರೂ ‘ಪಾರಾ ಏರಿತು’ ಎಂದು ಸಿಟ್ಟಿನವರ ಬಗ್ಗೆ ಆಡುವ ಮಾತು ಹೋಗಲಿಕ್ಕಿಲ್ಲ.

ಸರ್ಕಾರದ ಲೆಕ್ಕಕ್ಕೆ ಬರೋಣ. ಹವಾಮಾನ ಇಲಾಖೆಯ ಅಂಕಿ ನೆರಳಿನದು. ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಬಿಳಿ ಬಣ್ಣದ, ಗಾಳಿಯಾಡುವ ಜಾಲರಿ ಗೋಡೆಯ ಮರದ ಪೆಟ್ಟಿಗೆಯೊಳಗೆ ಕೂತ ಥರ್ಮಾಮೀಟರು ಹೇಳುವುದು. ಆ ಪೆಟ್ಟಿಗೆ ಮಾಡಿದ ಥಾಮಸ್ ಸ್ಟೀವನ್ಸನ್ ದೀಪಸ್ತಂಭಗಳ ಎಂಜಿನಿಯರು, ‘ಟ್ರೆಷರ್ ಐಲ್ಯಾಂಡ್’ ಬರೆದವನ ತಂದೆ. ಈಗ ಗೋಗಿ, ಕೆಂಭಾವಿ, ಕೊಡೇಕಲ್‌ನಂಥ ಹೋಬಳಿಗಳಿಗೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಬಂದಿವೆ, ಅಂಕಿ ತಾನಾಗಿ ಬೆಂಗಳೂರಿಗೆ ಹೋಗುತ್ತದೆ. ಹತ್ತಿ ಹೊಲದಲ್ಲಿ ಬಗ್ಗಿ ನಿಂತವಳ ಬೆನ್ನಿನ ಲೆಕ್ಕ ಅದರಲ್ಲಿಲ್ಲ, ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ರಾತ್ರಿ ಹತ್ತಾದರೂ ಬಿಡುವ ಕಾವಿನ ಲೆಕ್ಕವೂ ಇಲ್ಲ.

ಇನ್ನೊಂದು ವಿಚಿತ್ರ, ‘ಬಿಸಿಗಾಳಿ’ಯ ವ್ಯಾಖ್ಯೆ. ಬಯಲಿನಲ್ಲಿ 40 ಮುಟ್ಟಿದ್ದು ಸಾಲದು, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೆ ನೇರ 45 ಮುಟ್ಟಬೇಕು. ವಾಡಿಕೆಯೇ 40ರ ಆಸುಪಾಸು ಇರುವ ಊರಿಗೆ 43 ಬಂದರೂ ಅದು ಬಿಸಿಗಾಳಿಯಲ್ಲ, ಬರೀ ಮೇ ತಿಂಗಳು. ಅಂಕಿ ಅದೇ, ಯಾರ ಊರಿನದು ಎಂಬುದರ ಮೇಲೆ ಅದರ ಹೆಸರು. ಹೆಸರು ಏನಿದ್ದರೂ ಬಿಸಿಲು ಬಿಸಿಲೇ ಎಂಬುದು ಸರ್ಕಾರಕ್ಕೂ ಒಳಗೊಳಗೇ ಗೊತ್ತಿರಬೇಕು. ಬೇಸಗೆಯಲ್ಲಿ ಕಲಬುರಗಿ ವಿಭಾಗದ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಹಾಕಿ ಆದೇಶ ಹೊರಡುತ್ತದೆ. ಕೂಲಿಯವರು ಯಾವ ಆದೇಶಕ್ಕೂ ಕಾಯದೆ ನಸುಕಿನಲ್ಲೇ ಹೊಲಕ್ಕೆ ಹೋಗಿರುತ್ತಾರೆ. ಅವರಿಗೆ ಪಂಚಾಂಗದ ಮಾಪಕ ಬೇರೆಯೇ ಇದೆ: ಭರಣಿ, ಕೃತ್ತಿಕಾ, ರೋಹಿಣಿ ಎಂದು ಏರುತ್ತ ಹೋಗಿ ಮಿರಗ ಕೂಡಿದ ದಿನ ಇಳಿಯುವ ಲೆಕ್ಕ. ಮಿರಗ ಎಂದರೆ ಮೃಗಶಿರಾ.

ಅಂಕಿ ಎಷ್ಟು ಎಂದು ಹೇಳುತ್ತದೆ, ಎಂಥದು ಎಂದು ಹೇಳುವುದಿಲ್ಲ. ಆ ಕೆಲಸಕ್ಕೆ ಹಳೆಯ ಪದಗಳನ್ನೇ ಕರೆಯಬೇಕು. ಮುಖಕ್ಕೆ ರಾಚುವುದು ಝಳ. ಬಂಡೆಯಿಂದ, ತಗಡಿನಿಂದ ಏಳುವುದು ಧಗಿ. ತಲೆಯ ಮೇಲೆ ಸುಡುವುದು ರಣಬಿಸಿಲು. ಗಾಳಿ ನಿಂತು, ಬೆವರು ಆರದೆ, ಕೂತಲ್ಲಿ ಕೂರಲಾಗದ್ದು ಕುದಿ. ನಾರಾಯಣಪುರದ ಕಾಲುವೆ ನೀರು ಬಂದು ಜೋಳದ ಹೊಲ ಭತ್ತದ ಗದ್ದೆಯಾದ ಮೇಲೆ ಝಳ ಕಡಿಮೆಯಾಗಿ ಕುದಿ ಹೆಚ್ಚಿತೆಂದು ಶಹಾಪುರದ ಹಿರಿಯರು ಹೇಳುವುದುಂಟು.

ಹವಾಮಾನದವರೂ ಈಗ ಆ ಕುದಿಯ ಬೆನ್ನು ಹತ್ತಿದ್ದಾರೆ. ಬಿಳಿ ಪೆಟ್ಟಿಗೆಯೊಳಗೆ ಮೊದಲಿಂದಲೂ ಎರಡು ಥರ್ಮಾಮೀಟರು, ಒಂದು ಒಣ ಬುರುಡೆಯದು, ಇನ್ನೊಂದರ ಬುರುಡೆಗೆ ಒದ್ದೆ ಬಟ್ಟೆ. ಬಟ್ಟೆಯ ನೀರು ಆರಿದಷ್ಟೂ ಅಂಕಿ ಕೆಳಗೆ. ಗಾಳಿಯಲ್ಲಿ ತೇವ ತುಂಬಿದ್ದರೆ ನೀರು ಆರದು, ಅಂಕಿ ಇಳಿಯದು. ಒದ್ದೆ ಬುರುಡೆಯ ಅಂಕಿ 35 ಮುಟ್ಟಿದರೆ ಬೆವರು ಆರಿ ಮೈ ತಣಿಯುವುದೇ ನಿಂತು, ಗಟ್ಟಿಮುಟ್ಟಾದ ಮನುಷ್ಯನೂ ನೆರಳಲ್ಲಿ ಕೂತೇ ಹೆಚ್ಚು ಹೊತ್ತು ಬದುಕಲಾರನೆಂದು 2010ರಲ್ಲಿ ಶೆರ್ವುಡ್, ಹ್ಯೂಬರ್ ಎಂಬಿಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ಬರೆದರು. ಮೊಬೈಲಿನ ಹವಾಮಾನದ ಪುಟದಲ್ಲಿ ಈಗ 41ರ ಕೆಳಗೆ ಸಣ್ಣಕ್ಷರದಲ್ಲಿ ‘ಫೀಲ್ಸ್ ಲೈಕ್ 44’ ಎಂದು ಬರುತ್ತದೆ. ಪತ್ರಿಕೆಗಳು ಇದಕ್ಕೆ ಇನ್ನೂ ಕನ್ನಡ ಹುಡುಕುತ್ತಿವೆ; ‘ಅನುಭವಕ್ಕೆ ಬರುವ ಉಷ್ಣಾಂಶ’ ಎಂದು ಮೂರು ಪದ ಪೋಣಿಸಿ ನೋಡಿದವರಿದ್ದಾರೆ. ಚಹಾದಂಗಡಿಯಲ್ಲಿ ಒಬ್ಬ ಪರದೆ ನೋಡಿ ಪಕ್ಕದವನಿಗೆ ಹೇಳುತ್ತಾನೆ: “ನಲವತ್ತೊಂದದ, ಖರೆ ಕುದಿ ನಲವತ್ನಾಕರದ್ದದ.”